ಬ್ರೇಕ್ ಎಲ್ಲಾ ಒಂದೇ ಅಲ್ಲ ಸ್ವಾಮಿ!

ನಮ್ಮ ಮನೆಯ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ತಂತಿಯ ಪಕ್ಕದ ಮೊಳೆಗೆ ಒಂದು ಹಳೇ ಸೈಕಲ್ ಟಯರು ನೇತಾಡುತ್ತಿದೆ. ಮನೆಗೆ ಬಂದವರೆಲ್ಲ "ಇದನ್ನ ಯಾಕ್ರೀ ಇನ್ನೂ ಇಟ್ಕೊಂಡಿದ್ದೀರಾ, ಗುಜರಿಗೆ ಹಾಕೋದಲ್ವಾ?" ಅಂತ ಕೇಳ್ತಾರೆ. ಪ್ರತಿ ಹಬ್ಬದ ಕ್ಲೀನಿಂಗ್ ಬಂದಾಗಲೂ ನನ್ನ ಹೆಂಡತಿ ಅದರ ಮೇಲೊಂದು ಕಣ್ಣು ಹಾಕ್ತಾಳೆ, ಆಮೇಲೆ ಸುಮ್ಮನಾಗ್ತಾಳೆ. ಅವಳಿಗೆ ಗೊತ್ತು.

ಆ ಟಯರಿನ ನೆಲಕ್ಕೆ ತಾಗುವ ಭಾಗ ಇನ್ನೂ ಚೆನ್ನಾಗಿಯೇ ಇದೆ. ಆದರೆ ಪಕ್ಕದಲ್ಲಿ, ರಿಮ್ಮಿಗೆ ಕೂರುವ ಜಾಗಕ್ಕಿಂತ ಸ್ವಲ್ಪ ಮೇಲೆ, ಚಾಕುವಿನಿಂದ ಕೆರೆದ ಹಾಗೆ ಸುತ್ತಲೂ ಒಂದು ಗೆರೆ. ಒಂದು ಕಡೆ ಆ ಗೆರೆ ಬಾಯಿ ಬಿಟ್ಟಿದೆ. ಆ ಗೆರೆ ಎಳೆದವನು ನಾನೇ. ಚಾಕುವಿನಿಂದ ಅಲ್ಲ, ಒಂದು ಹೊಚ್ಚ ಹೊಸ ಬ್ರೇಕಿನಿಂದ.

ಕಥೆ ಹೀಗಿದೆ. ನನ್ನ ಭಾವಮೈದುನನಿಗೆ ಟ್ರಯಥ್ಲಾನ್ ಹುಚ್ಚು. ಗೋವಾದಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಇದೆಯಲ್ಲ, ಅದಕ್ಕೆ ಹೋಗಬೇಕು ಅನ್ನೋದು ಅವನ ಆಸೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಮೇಲೆ 21.1 ಕಿ.ಮೀ. ಓಟ. ನನಗಂತೂ ಕೇಳಿದರೇ ಸುಸ್ತು :) ಹೊಸ ಟ್ರಯಥ್ಲಾನ್ ಸೈಕಲ್ ಕೊಳ್ಳುವಷ್ಟು ದುಡ್ಡಿಲ್ಲ. ಅಮೆರಿಕದಿಂದ ವಾಪಸ್ ಬಂದ ಸಹೋದ್ಯೋಗಿಯೊಬ್ಬರ ಗ್ಯಾರೇಜಿನಲ್ಲಿ 2000ದ ದಶಕದ ಆರಂಭದ ಅಲ್ಯೂಮಿನಿಯಂ ಫ್ರೇಮಿನ ಸೈಕಲ್ ಧೂಳು ತಿನ್ನುತ್ತಿತ್ತು. ಕಮ್ಮಿ ಬೆಲೆಗೆ ಸಿಕ್ಕಿತು. ಹಿಂದಿನವರು ಯಾರೋ ಮೂಲದ ಫೋರ್ಕು ತೆಗೆದು ಬೇರೆ ಫೋರ್ಕು ಹಾಕಿದ್ದರು. ಮುಂದಿನ ಬ್ರೇಕಿನ ಕ್ಯಾಲಿಪರ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು.

"ಭಾವ, ಇದೊಂದು ಬದಲಾಯಿಸಿದ್ರೆ ಸಾಕು, ಸೈಕಲ್ ರೆಡಿ" ಅಂದ. ಮನೆಯಲ್ಲಿ ಸ್ಪ್ಯಾನರ್ ಹಿಡಿಯುವವನು ನಾನೊಬ್ಬನೇ. "ಬ್ರೇಕ್ ತಾನೇ, ಎಲ್ಲಾ ಒಂದೇ" ಅಂತ ಒಂದು ಒಳ್ಳೇ ಕಂಪನಿಯ ಕ್ಯಾಲಿಪರ್ ತರಿಸಿ, ಒಂದು ಭಾನುವಾರ ಕಾಫಿ ಆರುವುದರೊಳಗೆ ಕೂರಿಸಿಯೇಬಿಟ್ಟೆ. ರಬ್ಬರನ್ನು ಕ್ಯಾಲಿಪರಿನ ಸೀಳಿನ ತಳಕ್ಕೆ ಇಳಿಸಿದರೂ ಅದರ ಮೇಲಂಚು ಟಯರಿಗೆ ತಾಗುತ್ತಿತ್ತು. ನೋಡಿದೆ. ಇಲ್ಲ ಅನ್ನಲ್ಲ, ನನ್ನ ಕಣ್ಣಿಗೆ ಅದು ಬಿತ್ತು. ಆದರೆ ಚಕ್ರ ತಿರುಗಿಸಿ ಲಿವರ್ ಒತ್ತಿದರೆ ಗಕ್ಕನೆ ನಿಲ್ಲುತ್ತಿತ್ತು. ಹಿಡೀತಿದೆಯಲ್ಲ, ಸಾಕು ಅಂದುಕೊಂಡೆ. ರಬ್ಬರಿಗೆ ರಬ್ಬರು ಸಿಕ್ಕಿದರೆ ಹಿಡಿಯದೆ ಇರುತ್ತಾ?

ಎರಡು ವಾರದ ನಂತರ ನಂದಿಬೆಟ್ಟದಿಂದ ಇಳಿಯುವಾಗ ಮುಂದಿನ ಟಯರು ಸೀಳಿ ಟ್ಯೂಬ್ ಒಡೆಯಿತು. ಒಂದು ತಿರುವು ಮುಗಿದು ರಸ್ತೆ ನೇರವಾದ ಮೇಲೆ ಒಡೆದದ್ದರಿಂದ ಭುಜದ ಮೂಳೆ ಮುರಿಯುವುದಕ್ಕೆ ಮುಗಿಯಿತು. ಆ ವರ್ಷದ ಗೋವಾ ಹೋಯಿತು. ಆಸ್ಪತ್ರೆಯಲ್ಲಿ ನಮ್ಮತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದು ಮೊದಲ ಸಲ ಸ್ಕೇಲ್ ಹಿಡಿದೆ. ಫೋರ್ಕಿನ ಬೋಲ್ಟ್ ತೂತಿನ ನಡುಭಾಗದಿಂದ ರಿಮ್ಮಿನಲ್ಲಿ ಬ್ರೇಕ್ ಹಿಡಿಯುವ ಪಟ್ಟಿಯ ನಡುಭಾಗಕ್ಕೆ 53 ಮಿ.ಮೀ. ನಾನು ಹಾಕಿದ್ದ ಕ್ಯಾಲಿಪರ್ ಎಟುಕುವುದು 39ರಿಂದ 49 ಮಿ.ಮೀ. ತನಕ. ಇದು ಯಾರೂ ಮುಚ್ಚಿಟ್ಟ ಗುಟ್ಟಲ್ಲ. ಡಬ್ಬಿಯ ಮೇಲೇ ಬರೆದಿತ್ತು!

ಇಷ್ಟು ದಿನವಾದ ಮೇಲೆ ಇದನ್ನು ಯಾಕೆ ಬರೀತಿದ್ದೀನಿ ಅಂದ್ರೆ, ಈಗ ನಮ್ಮ ಕಡೆ ಹಳೇ ಟ್ರಯಥ್ಲಾನ್ ಸೈಕಲ್ ಕೊಳ್ಳುವವರು ಜಾಸ್ತಿ ಆಗ್ತಿದ್ದಾರೆ. ಹೊಸ ಸೈಕಲ್‌ಗಳೆಲ್ಲ ಡಿಸ್ಕ್ ಬ್ರೇಕಿಗೆ ಹೋಗಿರೋದರಿಂದ ರಿಮ್ ಬ್ರೇಕಿನ ಹಳೇ ಫ್ರೇಮುಗಳು ಅಗ್ಗಕ್ಕೆ ಸಿಗುತ್ತಿವೆ. ಕೊಂಡವರು ಮೊದಲು ಮಾಡುವ ಕೆಲಸ ಬ್ರೇಕ್ ಬದಲಾಯಿಸುವುದು. ನನ್ನ ಅಭಿಪ್ರಾಯ ಎರಡೇ ಎರಡು. ಒಂದು, ಹಳೇ ಫ್ರೇಮಿಗೆ ಕ್ಯಾಲಿಪರ್ ಹಾಕುವಾಗ "ಹಿಡೀತಿದೆಯಲ್ಲ" ಅನ್ನುವುದು ಪರೀಕ್ಷೆಯೇ ಅಲ್ಲ, ಅಳತೆಯೇ ಪರೀಕ್ಷೆ. ಎರಡು, ಹಳೇ ಸೈಕಲ್ ಆರಿಸುವಾಗ ಅದು ಎಷ್ಟು ಹೊಸದು, ಎಷ್ಟು ಹಗುರ ಅನ್ನುವುದಕ್ಕಿಂತ ಮೊದಲು ಅದರ ಬ್ರೇಕ್ ಯಾವ ಬೋಲ್ಟಿನಲ್ಲಿ ಕೂತಿದೆ ಅಂತ ನೋಡಬೇಕು. ಹಾಗೆ ನೋಡಿದರೆ ಇಪ್ಪತ್ತು ವರ್ಷದ ಸೈಕಲ್ ಹತ್ತು ವರ್ಷದ್ದಕ್ಕಿಂತ ವಾಸಿ ಅನ್ನಿಸಬಹುದು. ವಿಚಿತ್ರ ಅನ್ನಿಸಿದರೂ ನಿಜ.

ಮೊದಲು ಈ ಸೈಕಲ್ಲಿನ ಸ್ವಭಾವ ಹೇಳ್ತೀನಿ. ಟ್ರಯಥ್ಲಾನಿಗೆಂದೇ ಮಾಡಿದ ಸೈಕಲ್ ಬಂದದ್ದು 1980ರ ದಶಕದ ಕೊನೆಗೆ. ಡ್ಯಾನ್ ಎಂಪ್‌ಫೀಲ್ಡ್ ಎಂಬಾತ ಅಮೆರಿಕದಲ್ಲಿ ಕ್ವಿಂಟಾನಾ ರೂ ಅನ್ನುವ ಕಂಪನಿ ಕಟ್ಟಿ ಸೂಪರ್‌ಫಾರ್ಮ್ ಎಂಬ ಸೈಕಲ್ ತಂದ. ಸೀಟಿನ ಕೊಳವೆ ನೆಟ್ಟಗೆ, ಚಕ್ರ ಸಣ್ಣದು, ಸವಾರ ಮುಂದಕ್ಕೆ ಬಾಗಿ ಮೊಣಕೈ ಊರಿಕೊಂಡು ಗಾಳಿಯನ್ನು ಸೀಳುವ ಭಂಗಿ. ಮೊಣಕೈ ಊರುವ ಆ ಹ್ಯಾಂಡಲಿನಲ್ಲಿ ಸಾಮಾನ್ಯವಾಗಿ ಗೇರ್ ಇರುತ್ತದೆ, ಬ್ರೇಕ್ ಇರುವುದಿಲ್ಲ. ಬ್ರೇಕ್ ಬೇಕೆಂದರೆ ಕೈಯೆತ್ತಿ ಪಕ್ಕದ ಕೊಂಬಿಗೆ ಹೋಗಬೇಕು. ಅಂದರೆ ಈ ಸೈಕಲ್ಲಿನಲ್ಲಿ ನಿಲ್ಲುವುದು ಎರಡನೇ ವಿಚಾರ. ರೇಸಿಗೆ ಮುಚ್ಚಿದ ಸಪಾಟು ರಸ್ತೆಯಲ್ಲಿ ಅದು ನಡೆಯುತ್ತೆ. ನಾಯಿ, ಹಸು, ಬಣ್ಣ ಬಳಿಯದ ಹಂಪ್, ದಿಢೀರ್ ಅಂತ ಯೂ-ಟರ್ನ್ ಹೊಡೆಯುವ ಆಟೋ ಇರುವ ನಮ್ಮ ರಸ್ತೆಯಲ್ಲಿ ನಿಲ್ಲುವುದೇ ಮೊದಲನೇ ವಿಚಾರ, ಅಲ್ವಾ?

ಈಗ ಅಳತೆಗೆ ಬರೋಣ. ಸ್ವಲ್ಪ ಮಿ.ಮೀ. ಲೆಕ್ಕ ಇದೆ, ಬೇಜಾರು ಮಾಡ್ಕೋಬೇಡಿ.

ಮೊದಲನೆಯದು ಚಕ್ರ. ಹಳೇ ಟ್ರಯಥ್ಲಾನ್ ಸೈಕಲ್‌ಗಳಲ್ಲಿ ಎರಡು ಜಾತಿ. ಮಾಮೂಲಿ ರೋಡ್ ಸೈಕಲ್ಲಿನ 700ಸಿ, ಮತ್ತು 1990ರ ದಶಕದಲ್ಲಿ ಬಹಳ ಓಡಿದ 650ಸಿ. ಟಯರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 700ಸಿಗೆ 622 ಮಿ.ಮೀ., 650ಸಿಗೆ 571 ಮಿ.ಮೀ. ವ್ಯತ್ಯಾಸ 51 ಮಿ.ಮೀ., ಅರ್ಧ ಮಾಡಿದರೆ ಇಪ್ಪತ್ತೈದೂವರೆ. ಅಂದರೆ ಚಕ್ರದ ಜಾತಿ ಬದಲಾಯಿಸಿದರೆ ಬ್ರೇಕ್ ಹಿಡಿಯುವ ಜಾಗ ಇಪ್ಪತ್ತೈದೂವರೆ ಮಿ.ಮೀ. ಮೇಲೋ ಕೆಳಗೋ ಹೋಗುತ್ತದೆ. "650ಸಿ ಟಯರು ಇಲ್ಲಿ ಸಿಗಲ್ಲ, 700 ಹಾಕಿಬಿಡೋಣ" ಅನ್ನುವವರು ಇದ್ದಾರೆ. ಬ್ರೇಕಿನ ಮಾತು ಹಾಗಿರಲಿ, ಆ ಫ್ರೇಮಿನಲ್ಲಿ ದೊಡ್ಡ ಚಕ್ರ ತೂರುವುದೇ ಇಲ್ಲ. ಉಲ್ಟಾ, 700ರ ಫ್ರೇಮಿಗೆ 650ಸಿ ಚಕ್ರ ಹಾಕಿದರೆ ತೂರುತ್ತದೆ, ಆದರೆ ಮಾಮೂಲಿ ಕ್ಯಾಲಿಪರ್ ರಿಮ್ಮಿಗೆ ಎಟುಕುವುದಿಲ್ಲ.

ಇಲ್ಲೇ ಇನ್ನೊಂದು ಗುಂಡಿ ಇದೆ. 650ಬಿ ಅಂತಲೂ ಒಂದಿದೆ, ಅದು 584 ಮಿ.ಮೀ. 650ಸಿಯನ್ನು ಕೆಲವರು 26 ಇಂಚು ಅಂತಲೂ ಕರೀತಾರೆ, ಆದರೆ ಗುಡ್ಡ ಹತ್ತುವ ಎಂಟಿಬಿ ಸೈಕಲ್ಲಿನ 26 ಇಂಚು ಅಂದರೆ 559 ಮಿ.ಮೀ. ಹೆಸರು ನಂಬಬೇಡಿ, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ 571, 622 ಅನ್ನುವ ಸಂಖ್ಯೆ ನಂಬಿ.

ಎರಡನೆಯದು ಎಟುಕು, ನನ್ನನ್ನು ಬೀಳಿಸಿದ್ದು... ಅಲ್ಲ, ನನ್ನ ಭಾವಮೈದುನನನ್ನು ಬೀಳಿಸಿದ್ದು. ಈಗಿನ ಸಾಮಾನ್ಯ ರೋಡ್ ಕ್ಯಾಲಿಪರ್ 39ರಿಂದ 49 ಮಿ.ಮೀ. ಎಟುಕುತ್ತದೆ. ಅದಕ್ಕಿಂತ ಉದ್ದದ್ದು ಬೇಕೆಂದರೆ 47ರಿಂದ 57 ಮಿ.ಮೀ. ಇರುವುದೂ ಸಿಗುತ್ತದೆ. ಶಿಮಾನೋ ಆರ್650, ಟೆಕ್ಟ್ರೋ ಆರ್539 ಈ ಅಳತೆಯವು. ಇನ್ನೂ ಉದ್ದ ಬೇಕಾದರೆ ಟೆಕ್ಟ್ರೋ ಆರ್559, 55ರಿಂದ 73. ಅಂದರೆ ನನ್ನ 53 ಮಿ.ಮೀ. ಫೋರ್ಕಿಗೆ ಸರಿಯಾದ ಬ್ರೇಕ್ ಪ್ರಪಂಚದಲ್ಲಿ ಇತ್ತು. ನಾನು ಅಳೆಯಲಿಲ್ಲ, ಅಷ್ಟೇ. ರಬ್ಬರು ಮೇಲಾದರೆ ಟಯರು ಸವೆಯುತ್ತದೆ, ಕೆಳಗಾದರೆ ರಿಮ್ಮಿನಿಂದ ಜಾರಿ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳಬಹುದು. ಎರಡೂ ಬೇಡ.

ಅಳೆಯುವ ರೀತಿಯೂ ಮುಖ್ಯ. ಓಡಿಸಲಿರುವ ಚಕ್ರವನ್ನೇ ಹಾಕಿ, ಆಕ್ಸಲ್ ಪೂರ್ತಿ ಕೂರಿಸಿ ಬಿಗಿ ಮಾಡಿ ಅಳೆಯಿರಿ. ಮುಂದಿನದು ಬೇರೆ, ಹಿಂದಿನದು ಬೇರೆ. ಮುಂದೆ ಅಳೆದು ಹಿಂದಕ್ಕೂ ಅದೇ ಅಂದುಕೊಳ್ಳಬೇಡಿ. ಎಷ್ಟೋ ಟ್ರಯಥ್ಲಾನ್ ಫ್ರೇಮುಗಳಲ್ಲಿ ಹಿಂದಿನ ಚಕ್ರವನ್ನು ಹಿಂಬದಿಯಿಂದ ಅಡ್ಡಡ್ಡಕ್ಕೆ ತೂರಿಸಬೇಕು, ಎಷ್ಟು ಒಳಗೆ ಹೋಗಬೇಕು ಅನ್ನುವುದಕ್ಕೆ ಸಣ್ಣ ಸ್ಕ್ರೂ ಇರುತ್ತದೆ. ಚಕ್ರವನ್ನು ಹಿಂದೆ ಮುಂದೆ ಸರಿಸಿದರೆ ಬ್ರೇಕ್ ಹಿಡಿಯುವ ಜಾಗವೂ ಸರಿಯುತ್ತದೆ. ಮೊದಲು ಚಕ್ರದ ಜಾಗ ಗಟ್ಟಿ ಮಾಡಿಕೊಂಡು ಆಮೇಲೆ ಸ್ಕೇಲ್ ಹಿಡಿಯಿರಿ.

ಮೂರನೆಯದು ಬೋಲ್ಟು. ತುಂಬಾ ಹಳೇ ಫ್ರೇಮುಗಳಲ್ಲಿ ಬ್ರೇಕಿನ ಬೋಲ್ಟು ಆಚೆ ಕಡೆಗೆ ಬಂದು, ಹೊರಗೆ ಕಾಣುವ ನಟ್ಟಿನಿಂದ ಬಿಗಿಯಾಗುತ್ತದೆ. ಆಮೇಲಿನವುಗಳಲ್ಲಿ ನಟ್ಟು ಕೊಳವೆಯ ಹಾಗೆ ಫೋರ್ಕಿನೊಳಗೆ ಹುದುಗಿ ಅಲೆನ್ ಕೀಗೆ ಮಾತ್ರ ಸಿಗುತ್ತದೆ. ಅದಕ್ಕೆ ಹಿಂಭಾಗದ ತೂತು 8 ಮಿ.ಮೀ. ಇರಬೇಕು, ಹಳೆಯದರಲ್ಲಿ 6 ಮಾತ್ರ. ಸ್ಟೀಲ್ ಫೋರ್ಕಾದರೆ ತಿಳಿದವರು ಹಿಂಭಾಗದ ತೂತನ್ನಷ್ಟೇ ದೊಡ್ಡದು ಮಾಡಿಕೊಡುತ್ತಾರೆ. ಕಾರ್ಬನ್ ಫೋರ್ಕಿಗೆ ಮಾತ್ರ ಡ್ರಿಲ್ ತೋರಿಸಲೇಬೇಡಿ. ಇನ್ನು ದಪ್ಪ ಫೋರ್ಕುಗಳಿಗೆ ಉದ್ದದ ನಟ್ಟು ಬೇಕು. ಹೊಸ ಕ್ಯಾಲಿಪರ್ ಜೊತೆ ಬಂದ ಗಿಡ್ಡ ನಟ್ಟು ಎರಡು ಸುತ್ತು ಹಿಡಿದರೂ ಬಿಗಿಯಾದ ಹಾಗೆ ಕಾಣುತ್ತದೆ. ಕಾಣುತ್ತದೆ ಅಷ್ಟೇ! ಕೈಯಲ್ಲಿ ತಿರುಗಿಸುತ್ತಾ ಸುತ್ತು ಎಣಿಸಿ, ಕನಿಷ್ಠ ಐದಾರು ಸುತ್ತು ಒಳಗೆ ಹೋಗಲಿ.

ನಾಲ್ಕನೆಯದು ಲಿವರ್. ಇದನ್ನು ಬಹಳ ಜನ ಮರೀತಾರೆ. ಲಿವರ್ ಒತ್ತಿದಾಗ ಎಷ್ಟು ವೈರು ಎಳೆಯುತ್ತದೆ, ಕ್ಯಾಲಿಪರ್ ಎಷ್ಟು ವೈರು ಬೇಡುತ್ತದೆ, ಎರಡೂ ಹೊಂದಬೇಕು. ಶಿಮಾನೋದವರು 2008ರಲ್ಲಿ ಡ್ಯೂರಾ ಏಸ್ 7900 ತಂದಾಗ ಈ ಲೆಕ್ಕವನ್ನೇ ಬದಲಾಯಿಸಿದರು. ಹಾಗಾಗಿ ಅದೇ ಕಂಪನಿಯ ಹಳೇ ಲಿವರು, ಹೊಸ ಕ್ಯಾಲಿಪರು ಅಂದ ಮಾತ್ರಕ್ಕೆ ಜೋಡಿ ಕೂಡಿ ಬರುತ್ತದೆ ಅಂತಿಲ್ಲ. ಜಾತಕ ನೋಡಬೇಕು :) ಹೆಚ್ಚು ವೈರು ಎಳೆಯುವ ಲಿವರಿಗೆ ಕಡಿಮೆ ವೈರು ಬೇಡುವ ಕ್ಯಾಲಿಪರ್ ಸಿಕ್ಕಿದರೆ ಲಿವರ್ ಕಲ್ಲಿನ ಹಾಗೆ ಗಟ್ಟಿ, ಹಿಡಿತ ಕಮ್ಮಿ. ತಿರುಗಾ ಮುರುಗಾ ಆದರೆ ಲಿವರ್ ಮೆತ್ತಗಾಗಿ ಹ್ಯಾಂಡಲಿಗೇ ಬಂದು ತಾಗುತ್ತದೆ, ಆಮೇಲೆ ಒತ್ತುವುದಕ್ಕೆ ಜಾಗವೇ ಇರುವುದಿಲ್ಲ. ಟ್ರಯಥ್ಲಾನ್ ಸೈಕಲ್ಲಿನ ಕೊಂಬಿನ ತುದಿಯ ಲಿವರನ್ನು ಯಾರೂ ಬದಲಾಯಿಸಲು ಹೋಗುವುದಿಲ್ಲವಾದ್ದರಿಂದ ಈ ಜೋಡಿ ತಪ್ಪುವುದು ಇಲ್ಲೇ ಹೆಚ್ಚು.

ಐದನೆಯದು ರಿಮ್ಮಿನ ಅಗಲ. ಹಳೇ ರಿಮ್ಮುಗಳು ಹೊರಗಿಂದ ಹೊರಗೆ 19-20 ಮಿ.ಮೀ. ಇದ್ದವು. ಈಗಿನವು 25, 28 ಮಿ.ಮೀ. ಆಗಿವೆ. ಹಳೇ ಕ್ಯಾಲಿಪರ್ ಅಷ್ಟು ಬಾಯಿ ತೆರೆಯುವುದಿಲ್ಲ. ಆಗ ಕೆಲವರು ಚಕ್ರ ಬಿಚ್ಚುವಾಗ ಮಾತ್ರ ತೆರೆಯಬೇಕಾದ ಕ್ಯಾಲಿಪರಿನ ಪುಟ್ಟ ಹಿಡಿಯನ್ನು ಯಾವಾಗಲೂ ತೆರೆದಿಟ್ಟೇ ಓಡಿಸುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಹೊಸ ಅಗಲದ ಚಕ್ರ ಹಾಕಬೇಕೆಂದರೆ ಕ್ಯಾಲಿಪರ್ ಕೂಡ ಅದಕ್ಕೆ ತಕ್ಕದ್ದು ಬೇಕು, ಫ್ರೇಮಿನಲ್ಲೂ ಜಾಗ ಬೇಕು. ಕಾರ್ಬನ್ ರಿಮ್ಮಾದರೆ ಅದಕ್ಕೆಂದೇ ಮಾಡಿದ ರಬ್ಬರ್ ಹಾಕಬೇಕು, ಅಲ್ಯೂಮಿನಿಯಂ ರಿಮ್ಮಿನ ರಬ್ಬರ್ ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಮಾಧಾನದ ಮಾತು. ಎಷ್ಟೋ ಸಲ ಕ್ಯಾಲಿಪರ್ ಬದಲಾಯಿಸುವ ಅಗತ್ಯವೇ ಇರುವುದಿಲ್ಲ. ಈ ಸೈಕಲ್‌ಗಳಲ್ಲಿ ಹಿಂದಿನ ಬ್ರೇಕಿನ ವೈರು ಹ್ಯಾಂಡಲಿನೊಳಗೆ ನುಗ್ಗಿ, ಫ್ರೇಮಿನೊಳಗೆ ಹಾದು, ಸಾಲು ಸಾಲು ತಿರುವು ತೆಗೆದುಕೊಂಡು ಹೋಗುತ್ತದೆ. ಹದಿನೈದು ಇಪ್ಪತ್ತು ವರ್ಷದ ವೈರು ಒಳಗೇ ತುಕ್ಕು ಹಿಡಿದಿರುತ್ತದೆ. ರಬ್ಬರು ಒಣಗಿ ಮರದ ತುಂಡಾಗಿರುತ್ತದೆ. ಮೊದಲು ಒಳಗಿನ ವೈರು, ಹೊರಗಿನ ಕವಚ, ರಬ್ಬರು ಇಷ್ಟನ್ನು ಹೊಸದು ಹಾಕಿ, ರಿಮ್ ಉಜ್ಜಿ ತೊಳೆಯಿರಿ. ಅರ್ಧಕ್ಕರ್ಧ "ಕೆಟ್ಟ" ಕ್ಯಾಲಿಪರ್‌ಗಳು ಅಲ್ಲಿಗೇ ಹುಷಾರಾಗುತ್ತವೆ ಅನ್ನೋದು ನನ್ನ ಅನುಭವ.

ಈಗ ಎರಡನೇ ಅಭಿಪ್ರಾಯಕ್ಕೆ ಬರ್ತೀನಿ. ಕೆಲವರಿಗೆ ಇದು ಹಿಡಿಸದೇ ಹೋಗಬಹುದು.

ಮೇಲೆ ಹೇಳಿದ ಐದೂ ತೊಂದರೆಗಳಿಗೆ ಅಳತೆಯ ಉತ್ತರ ಇದೆ. ಕಾರಣ, 1990ರ ಮತ್ತು 2000ದ ದಶಕದ ಬಹುಪಾಲು ಫ್ರೇಮುಗಳಲ್ಲಿ ಬ್ರೇಕ್ ಕೂರುವುದು ನಡುವಿನ ಒಂದೇ ಬೋಲ್ಟಿನಲ್ಲಿ. ಆ ಒಂದು ತೂತನ್ನು ಎಲ್ಲ ಕಂಪನಿಗಳೂ ಒಪ್ಪಿಕೊಂಡಿದ್ದವು. ಜಪಾನಿನದು, ಇಟಲಿಯದು, ತೈವಾನಿನದು, ಯಾವ ಕ್ಯಾಲಿಪರ್ ತಂದರೂ ಎಟುಕು ಸರಿ ಇದ್ದರೆ ಕೂರುತ್ತಿತ್ತು. 2012ರ ಹೊತ್ತಿಗೆ ಬಂದ ಟ್ರೈರಿಗ್ ಒಮೆಗಾ ಥರದ ಗಾಳಿ ಸೀಳುವ ನಾಜೂಕು ಬ್ರೇಕ್ ಕೂಡ ಅದೇ ಒಂದು ಬೋಲ್ಟಿಗೇ ಕೂರುವಂಥದ್ದು. ಇಪ್ಪತ್ತು ವರ್ಷ ಹಳೇ ಫ್ರೇಮಿಗೆ ಹೊಸ ಕಾಲದ ಬ್ರೇಕು!

2010ರ ಆಸುಪಾಸಿನಿಂದ ದುಬಾರಿ ಟ್ರಯಥ್ಲಾನ್ ಸೈಕಲ್‌ಗಳಲ್ಲಿ ಬ್ರೇಕನ್ನು ಗಾಳಿಗೆ ಸಿಗದ ಹಾಗೆ ಅಡಗಿಸುವ ಪೈಪೋಟಿ ಜೋರಾಯಿತು. 2010ರಲ್ಲಿ ಬಂದ ಟ್ರೆಕ್ ಸ್ಪೀಡ್ ಕಾನ್ಸೆಪ್ಟ್ ಬ್ರೇಕನ್ನು ಫ್ರೇಮಿನ ಆಕಾರದೊಳಗೇ ಸೇರಿಸಿಕೊಂಡಿತು. 2012ರ ಸರ್ವೆಲೋ ಪಿ5, ಮ್ಯಾಗುರಾ ಕಂಪನಿಯ ಎಣ್ಣೆ ಒತ್ತಡದ ರಿಮ್ ಬ್ರೇಕ್ ಹೊತ್ತು ಬಂತು. ಆಗ ಅವು ನೋಡುವುದಕ್ಕೂ ಚೆಂದ, ಗಡಿಯಾರದಲ್ಲೂ ಚೆಂದ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇಂಜಿನಿಯರುಗಳು ಸುಮ್ಮನೆ ಕೂತು ಮಾಡಿದ್ದಲ್ಲ. 180 ಕಿ.ಮೀ. ತುಳಿಯುವವನಿಗೆ ಗಾಳಿಯಲ್ಲಿ ಉಳಿಸಿದ ಚೂರು ಚೂರು ಕೂಡ ನಿಮಿಷಗಳಾಗುತ್ತವೆ.

ಆದರೆ ಅಷ್ಟರಲ್ಲಿ ಕಾಲ ಡಿಸ್ಕ್ ಕಡೆ ಹೊರಳಿತು. 2016ರಲ್ಲಿ ಸರ್ವೆಲೋದವರದೇ ಪಿ5ಎಕ್ಸ್ ಡಿಸ್ಕ್ ಬ್ರೇಕಿನೊಂದಿಗೆ ಬಂತು, ಮಿಕ್ಕವರೂ ಹಿಂದೆ ಬಂದರು. ನಡುವೆ ಹುಟ್ಟಿದ ಫ್ರೇಮುಗಳ ಗತಿ? ಆ ಫ್ರೇಮಿಗೆಂದೇ ಮಾಡಿದ ಬ್ರೇಕಿನ ಒಂದು ಸ್ಪ್ರಿಂಗ್, ಒಂದು ಚಿಕ್ಕ ತೋಳು ಮುರಿದರೆ ಬೇರೆ ಯಾವ ಕಂಪನಿಯ ಬ್ರೇಕೂ ಅಲ್ಲಿ ಕೂರುವುದಿಲ್ಲ. ಡಿಸ್ಕ್ ಹಾಕೋಣವೆಂದರೆ ಫ್ರೇಮಿನಲ್ಲಿ ಅದಕ್ಕೆ ಜಾಗವಿಲ್ಲ, ಫೋರ್ಕು ಆ ಭಾರಕ್ಕೆ ಮಾಡಿದ್ದಲ್ಲ. ಕಾರ್ಬನ್ ಫ್ರೇಮ್ ಗಟ್ಟಿಮುಟ್ಟಾಗಿದೆ, ಚಕ್ರ ಚೆನ್ನಾಗಿದೆ, ಗೇರು ಸರಿ ಇದೆ. ಒಂದು ಅಂಗೈಯಷ್ಟು ಬ್ರೇಕ್ ಸಿಗಲಿಲ್ಲ ಅಂತ ಸೈಕಲ್ ಗೋಡೆಗೆ. ಹೊಸದಾಗಿದ್ದಾಗ ಲಕ್ಷಗಟ್ಟಲೆ ಕೊಟ್ಟ ಸೈಕಲ್ ಕಣ್ರೀ!

ಎಲ್ಲ ಅಡಗಿಸಿಟ್ಟ ಬ್ರೇಕೂ ಅನಾಥ ಅಂತಲ್ಲ. ಶಿಮಾನೋ 2012ರ ಹೊತ್ತಿಗೆ ಎರಡು ಬೋಲ್ಟಿನ ಡೈರೆಕ್ಟ್ ಮೌಂಟ್ ಅನ್ನುವ ಪದ್ಧತಿ ತಂದಿತು, ಬೇರೆಯವರೂ ಅದನ್ನು ಅನುಸರಿಸಿದರು. ಪೆಡಲಿನ ಹಿಂದೆ, ಫ್ರೇಮಿನ ಕೆಳಗೆ ಎರಡು ಬೋಲ್ಟಿನಲ್ಲಿ ಕೂತ ಬ್ರೇಕ್ ಕಂಡರೆ ಅದು ಈ ಜಾತಿಯದ್ದೇ ಎಂದು ಖಚಿತ ಮಾಡಿಕೊಳ್ಳಿ. ಹೌದಾದರೆ ಬದಲಿ ಸಿಗುತ್ತದೆ. ಆದರೆ ಒಂದು ಬೋಲ್ಟಿನ ಕ್ಯಾಲಿಪರ್ ಅಲ್ಲಿ ಕೂರುವುದಿಲ್ಲ, ಎರಡು ಬೋಲ್ಟಿನದು ಹಳೇ ಫ್ರೇಮಿಗೆ ಕೂರುವುದಿಲ್ಲ. ಅಡಾಪ್ಟರ್ ಅಂತ ಲೇಥ್ ಅಂಗಡಿಯಲ್ಲಿ ಪಟ್ಟಿ ಮಾಡಿಸುವ ನಮ್ಮ ಚಾಣಾಕ್ಷತನವನ್ನು ಬಾಟಲ್ ಸ್ಟ್ಯಾಂಡಿಗೆ ಇಟ್ಟುಕೊಳ್ಳೋಣ, ಬ್ರೇಕಿಗೆ ಬೇಡ.

ಇದನ್ನು ಯೋಚಿಸುವಾಗ ನನಗೆ ನಮ್ಮೂರಿನ ಸೈಕಲ್ ಶಾಪು ನೆನಪಾಗುತ್ತೆ. ಅಟ್ಲಾಸೋ, ಹೀರೋವೋ, ಹರ್ಕ್ಯುಲಿಸ್ಸೋ, ಯಾವುದೇ ಕಡ್ಡಿ ಬ್ರೇಕಿನ ದೊಡ್ಡ ಸೈಕಲ್ ತಂದರೂ ಆತ ಡಬ್ಬಿಗೆ ಕೈ ಹಾಕಿ ಒಂದು ಜೊತೆ ಬ್ರೇಕ್ ರಬ್ಬರ್ ತೆಗೆದು ಹಾಕುತ್ತಿದ್ದ. ಯಾವ ಕಂಪನಿ ಅಂತ ಕೇಳುತ್ತಲೇ ಇರಲಿಲ್ಲ. ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ಕೆಲಸ ನಿಲ್ಲಿಸಿತು. ಹಾಗಂತ ಹಳ್ಳಿಗಳಲ್ಲಿ ಹಾಲಿನ ಕ್ಯಾನ್ ಹೊತ್ತು ಓಡುವ ಅಟ್ಲಾಸ್ ಸೈಕಲ್‌ಗಳು ಬ್ರೇಕಿಲ್ಲದೆ ನಿಂತವಾ? ಇಲ್ಲ. ಎಲ್ಲರೂ ಒಪ್ಪಿದ ಒಂದು ಅಳತೆ ಇದ್ದರೆ, ಮಾಡಿದವನು ಹೋದರೂ ಮಾಲು ಬದುಕುತ್ತದೆ. "ಬ್ರೇಕ್ ಎಲ್ಲಾ ಒಂದೇ" ಅನ್ನುವ ನನ್ನ ತಪ್ಪು ನಂಬಿಕೆ ಹುಟ್ಟಿದ್ದೂ ಬಹುಶಃ ಆ ಅಂಗಡಿಯ ಮುಂದೆಯೇ. ಅಲ್ಲಿ ಅದು ನಿಜವಾಗಿತ್ತು. ನಾನು ಅದನ್ನು ನಿಜವಲ್ಲದ ಕಡೆಗೆ ಹೊತ್ತುಕೊಂಡು ಬಂದೆ.

ಹಾಗಾಗಿ ಹಳೇ ಟ್ರಯಥ್ಲಾನ್ ಸೈಕಲ್ ನೋಡೋಕೆ ಹೋದಾಗ ನನ್ನ ಸಲಹೆ ಇಷ್ಟು. ಫ್ರೇಮಿನ ಬಣ್ಣ, ಗೇರಿನ ಹೆಸರು ಆಮೇಲೆ. ಮೊದಲು ಕೂತು ಫೋರ್ಕಿನ ಹಿಂಭಾಗ ನೋಡಿ. ಒಂದು ಬೋಲ್ಟ್ ಕಂಡರೆ ಮುಂದಿನ ಮಾತು. ಟಯರಿನ ಮೇಲೆ 622 ಇದ್ದರೆ ಇನ್ನೂ ಸುಲಭ. ಜೇಬಿನಲ್ಲಿ ಒಂದು ಸಣ್ಣ ಸ್ಕೇಲ್ ಇರಲಿ, ಮುಂದೆ ಹಿಂದೆ ಎರಡೂ ಅಳೆದು ಬರೆದುಕೊಳ್ಳಿ. ಬೋಲ್ಟೇ ಕಾಣದೆ ಬ್ರೇಕ್ ಫ್ರೇಮಿನೊಳಗೆ ಅಡಗಿದ್ದರೆ, ಆ ಬ್ರೇಕಿನ ಬದಲಿ ಭಾಗ ಈಗ ಎಲ್ಲಿ ಸಿಗುತ್ತದೆ ಅಂತ ಮಾರುವವರನ್ನೇ ಕೇಳಿ. ತೃಪ್ತಿಯಾಗುವ ಉತ್ತರ ಸಿಗದಿದ್ದರೆ ಎಷ್ಟು ಅಗ್ಗವಾದರೂ ಕೈ ಮುಗಿದು ಬನ್ನಿ.

ಮನೆಯಲ್ಲಿ ಸ್ಪ್ಯಾನರ್ ಹಿಡಿಯುವ ನನ್ನಂಥವರಿಗೆ ಇನ್ನೊಂದು ಮಾತು. ನಮಗೆ ಒಂದು ರೋಗವಿದೆ. ಯಾರಾದರೂ ನಂಬಿ ತಂದುಕೊಟ್ಟಾಗ "ಇದು ಆಗಲ್ಲ" ಅನ್ನೋಕೆ ನಾಲಿಗೆ ಬರೋದಿಲ್ಲ. ಹೇಗಾದ್ರೂ ಮಾಡಿ ಕೂರಿಸಿಬಿಡ್ತೀವಿ. ಬಾಗಿಲಿಗೆ, ನಲ್ಲಿಗೆ, ಫ್ಯಾನಿಗೆ ಅದು ಜಾಣತನ. ಬ್ರೇಕಿಗೆ ಅದು ಜಾಣತನ ಅಲ್ಲ. ನಾಲ್ಕು ಮಿ.ಮೀ. ಕಮ್ಮಿ ಅಂದರೆ ಕಮ್ಮಿಯೇ. ಆವತ್ತು ನಾನು "ಇದು ಆಗಲ್ಲ ಕಣೋ, ಬೇರೆ ತರಿಸೋಣ" ಅಂದಿದ್ದರೆ ಒಂದು ವಾರ ತಡವಾಗುತ್ತಿತ್ತು, ಅಷ್ಟೇ.

ಮೂಳೆ ಕೂಡಿದ ಮೇಲೆ ಅದೇ ಸೈಕಲ್ಲಿಗೆ 47-57ರ ಕ್ಯಾಲಿಪರ್ ಹಾಕಿದ್ದೇವೆ. ರಬ್ಬರು ರಿಮ್ಮಿನ ಪಟ್ಟಿಯ ನಟ್ಟ ನಡುವೆ ಕೂತಿದೆ, ಟಯರಿಗೂ ಅದಕ್ಕೂ ಎರಡು ಮಿ.ಮೀ. ಜಾಗವಿದೆ. ಈ ಸಲ ಅಳೆದವನು ಅವನು, ನಾನು ಪಕ್ಕದಲ್ಲಿ ಟಾರ್ಚ್ ಹಿಡಿದಿದ್ದೆ. ಬಿಗಿ ಮಾಡಿ ಆದ ಮೇಲೆ "ಭಾವ, ಒಂದ್ಸಲ ನೀವೂ ನೋಡಿಬಿಡಿ" ಅಂದ. ನೋಡಿದೆ. ಮೂರು ಸಲ ನೋಡಿದೆ.

ಟಯರು ಮಾತ್ರ ಇನ್ನೂ ಬಾಲ್ಕನಿಯಲ್ಲೇ ಇದೆ. ಸದ್ಯಕ್ಕೆ ಅಲ್ಲೇ ಇರಲಿ.

ನಿಮ್ಮಲ್ಲೂ ಸೈಕಲ್ ಬಿಚ್ಚಿ ಜೋಡಿಸುವವರು ಇರ್ತೀರಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ, ನಿಮ್ಮ ಅನುಭವ ಇದ್ದರೆ ಬರೆಯಿರಿ. ಆದರೆ ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಈಗಲೇ ಎದ್ದು ಹೋಗಿ, ನಿಮ್ಮ ಸೈಕಲ್ಲಿನ ಮುಂದಿನ ಬ್ರೇಕ್ ಒತ್ತಿ, ರಬ್ಬರಿನ ಮೇಲಂಚು ಎಲ್ಲಿ ತಾಗುತ್ತಿದೆ ಅಂತ ನೋಡಿ ಬನ್ನಿ.